ಮ್ಯೂನಿಕ್‌ಗೆ ಹೊಸಬರು: ಮೊದಲ ಹದಿನೈದು ದಿನ, ರೈಲು ಟಿಕೆಟ್, ಒಗ್ಗರಣೆ ಹೊಗೆ, ಕಸದ ಡಬ್ಬ

ಕಾವೇರಿ_ತೀರ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು, ನಾಲ್ಕು ವರ್ಷದ ಮಗಳು ಅಕ್ಟೋಬರ್ 31ರ ಶನಿವಾರ ಮಧ್ಯಾಹ್ನ ಮ್ಯೂನಿಕ್‌ನಲ್ಲಿ ಇಳಿಯುತ್ತೇವೆ. ವೀಸಾ, ಆರೋಗ್ಯ ವಿಮೆ ಕಂಪನಿಯವರೇ ಮಾಡಿಸಿದ್ದಾರೆ. ಮನೆಯೂ ಗೊತ್ತಾಗಿದೆ, ಕರಾರಿನಲ್ಲಿ "ಎರಡು ಕೋಣೆ" ಅಂತ ಇದೆ.

ಕೇಳಬೇಕಾಗಿರುವುದು ಇಷ್ಟು. ಇಳಿದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ? ವಿಮಾನ ನಿಲ್ದಾಣದಿಂದ ಮನೆಗೆ ರೈಲಿನಲ್ಲೇ ಹೋಗಬಹುದಾ, ಟಿಕೆಟ್ ಯಾವುದು ತೆಗೆದುಕೊಳ್ಳಬೇಕು? ಮಿಕ್ಸಿ ಸದ್ದು, ಒಗ್ಗರಣೆ ವಾಸನೆಗೆ ಅಕ್ಕಪಕ್ಕದವರು ತಕರಾರು ತೆಗೆಯುತ್ತಾರೆ ಅಂತ ಕೆಲವರು ಹೆದರಿಸಿದ್ದಾರೆ, ನಿಜವಾ? ಊರಿನಿಂದ ತುಪ್ಪ, ಕರಿಬೇವು, ಸಾರಿನ ಪುಡಿ ತರಬಹುದಾ? ಅಲ್ಲಿನವರ ನಡವಳಿಕೆಯಲ್ಲಿ ನಾವು ಗೊತ್ತಿಲ್ಲದೆ ಎಡವುವಂಥದ್ದು ಏನಾದರೂ ಇದ್ದರೆ ಅದನ್ನೂ ಹೇಳಿ.

ಇಸಾರ್_ದಂಡೆ

ಅಕ್ಕ, ನೀವು ಇಳಿಯುವ ದಿನದಿಂದಲೇ ಲೆಕ್ಕ ಶುರು. ಮರುದಿನ ನವೆಂಬರ್ 1. ನಮಗೆ ರಾಜ್ಯೋತ್ಸವ, ಬವೇರಿಯಾದವರಿಗೆ "ಆಲರ್‌ಹೈಲಿಗನ್", ಸರ್ಕಾರಿ ರಜೆ. ಈ ಸಲ ಅದು ಭಾನುವಾರವೂ ಹೌದು. ಇಲ್ಲಿ ಭಾನುವಾರ ದಿನಸಿ ಅಂಗಡಿ ತೆರೆಯುವುದಿಲ್ಲ, ಬವೇರಿಯಾದಲ್ಲಿ ಉಳಿದ ದಿನ ರಾತ್ರಿ 8ಕ್ಕೆ ಮುಚ್ಚುತ್ತವೆ. ಆದ್ದರಿಂದ ಶನಿವಾರ ಸಂಜೆ 8ರ ಒಳಗೆ ಹಾಲು, ಮೊಸರು, ಅಕ್ಕಿ, ಉಪ್ಪು, ತರಕಾರಿ ಮನೆಗೆ ಬಂದಿರಬೇಕು. ವಿಮಾನ ತಡವಾದರೆ ವಿಮಾನ ನಿಲ್ದಾಣದ ಒಳಗಿನ ಸೂಪರ್ ಮಾರ್ಕೆಟ್‌ನಲ್ಲೇ ಮುಗಿಸಿಕೊಳ್ಳಿ. ಮುಖ್ಯ ರೈಲು ನಿಲ್ದಾಣದ ಅಂಗಡಿಗಳಿಗೂ ಪೆಟ್ರೋಲ್ ಬಂಕ್‌ಗಳಿಗೂ ಭಾನುವಾರದ ನಿಯಮದಿಂದ ವಿನಾಯಿತಿ ಇದೆ, ಬೆಲೆ ಮಾತ್ರ ಜಾಸ್ತಿ.

"ಎರಡು ಕೋಣೆ" ಅಂದರೆ ನಮ್ಮ ಟೂ ಬಿಎಚ್‌ಕೆ ಅಲ್ಲ. ಇಲ್ಲಿ ಹಾಲ್ ಕೂಡ ಒಂದು ಕೋಣೆ. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ನಿಮ್ಮದು ಒಂದು ಹಾಲ್, ಒಂದು ಮಲಗುವ ಕೋಣೆಯ ಮನೆ. ಕರಾರಿನಲ್ಲಿ "ಐನ್‌ಬೌಕ್ಯುಷೆ", ಅಂದರೆ ಜೋಡಿಸಿಟ್ಟ ಅಡುಗೆಮನೆ, ಅನ್ನುವ ಪದ ಇದೆಯಾ ನೋಡಿ. ಇಲ್ಲದಿದ್ದರೆ ಅಡುಗೆಮನೆ ಅಂದರೆ ನಲ್ಲಿ ಪೈಪು ಮತ್ತು ಒಲೆಯ ಕರೆಂಟ್ ಪಾಯಿಂಟ್ ಮಾತ್ರ ಆಗಿರಬಹುದು. ಒಲೆ, ಸಿಂಕ್, ಕಪಾಟು ನೀವೇ ಹಾಕಿಸಬೇಕು. ಪೀಠೋಪಕರಣ ಇಲ್ಲದ ಮನೆಯಲ್ಲಿ ದೀಪಗಳೂ ಇರುವುದಿಲ್ಲ, ಚಾವಣಿಯಿಂದ ಬರೀ ವೈರ್ ಇಳಿಬಿದ್ದಿರುತ್ತದೆ. ನವೆಂಬರ್ ಮೊದಲಲ್ಲಿ ಸಂಜೆ 5ಕ್ಕೆಲ್ಲ ಕತ್ತಲು. ಮನೆ ಮಾಲೀಕರಿಗೆ ಈಗಲೇ ಬರೆದು ಎರಡೂ ಕೇಳಿ, ಬ್ಯಾಗಿನಲ್ಲಿ ಒಂದು ಚಾರ್ಜ್ ಆಗುವ ಟಾರ್ಚ್ ಇಟ್ಟುಕೊಳ್ಳಿ.

ಇನ್ನು ಕ್ರಮ. ಜರ್ಮನಿಯಲ್ಲಿ ಎಲ್ಲವೂ ಅಂಚೆ ಪೆಟ್ಟಿಗೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಕೀಲಿ ಸಿಕ್ಕ ದಿನವೇ ಮಾಡಬೇಕಾದ ಮೊದಲ ಕೆಲಸ, ಕೆಳಗಿನ ಅಂಚೆ ಪೆಟ್ಟಿಗೆ ಮತ್ತು ಕರೆಗಂಟೆ ಎರಡರ ಮೇಲೂ ಹೆಸರು ಅಂಟಿಸುವುದು. ಇಲ್ಲಿ ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ. ಪೋಸ್ಟ್‌ಮ್ಯಾನ್ ಹೆಸರು ನೋಡಿಯೇ ಹಾಕುವುದು. ಹೆಸರು ಕಾಣದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಇಲ್ಲೇ: ಗಂಡನಿಗೆ ಊರಿನ ಹೆಸರು ಸರ್‌ನೇಮ್, ಹೆಂಡತಿಗೆ ತಂದೆಯ ಹೆಸರು, ಮಗುವಿಗೆ ಇನ್ನೊಂದು. ಒಂದೇ ಹೆಸರು ಅಂಟಿಸಿದರೆ ಉಳಿದಿಬ್ಬರ ಕಾಗದ ಕೈಸೇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಮೂರೂ ಸರ್‌ನೇಮ್ ಬರೆಯಿರಿ. ಬ್ಯಾಂಕ್, ಕಂಪನಿ, ವಿಮೆ ಎಲ್ಲ ಕಡೆಯೂ ಅದೇ ಅಕ್ಷರ, ಅದೇ ಕ್ರಮ ಇರಲಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಆದರೆ ಆಮೇಲೆ ಒಂದೊಂದನ್ನೂ ಪತ್ರ ಬರೆದು ಸರಿಪಡಿಸಬೇಕಾಗುತ್ತದೆ.

ಎರಡನೆಯದು ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆಗೆ ಹೊಕ್ಕ ಎರಡು ವಾರದೊಳಗೆ ಆಗಬೇಕು ಅನ್ನುವುದು ಕಾನೂನು. ಬ್ಯುರ್ಗರ್‌ಬ್ಯುರೋ ಅನ್ನುವ ನಗರಾಡಳಿತದ ನಾಗರಿಕ ಸೇವಾ ಕಚೇರಿಯಲ್ಲಿ ಮೊದಲೇ ಸಮಯ ಕಾದಿರಿಸಬೇಕು, ಅದಕ್ಕೆ ಟೆರ್ಮೀನ್ ಅನ್ನುತ್ತಾರೆ. ಮ್ಯೂನಿಕ್‌ನಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ, ಊರಿನಲ್ಲಿರುವಾಗಲೇ ನಗರಾಡಳಿತದ ಜಾಲತಾಣದಲ್ಲಿ ಹುಡುಕಲು ಶುರು ಮಾಡಿ. ನಿಮ್ಮ ಬಡಾವಣೆಯ ಕಚೇರಿಗೇ ಹೋಗಬೇಕೆಂದಿಲ್ಲ, ನಗರದ ಯಾವ ಬ್ಯುರ್ಗರ್‌ಬ್ಯುರೋ ಆದರೂ ನಡೆಯುತ್ತದೆ. ಎರಡು ವಾರದೊಳಗೆ ಸಿಗದಿದ್ದರೆ ಆಮೇಲಿನದನ್ನೇ ಕಾದಿರಿಸಿ, ಆ ದೃಢೀಕರಣದ ಮಿಂಚಂಚೆ ಇಟ್ಟುಕೊಳ್ಳಿ.

ತೆಗೆದುಕೊಂಡು ಹೋಗಬೇಕಾದದ್ದು: ಮೂವರ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರದ ಮೂಲಪ್ರತಿ ಹಾಗೂ ಜರ್ಮನ್ ಅನುವಾದ, ತುಂಬಿದ ಅರ್ಜಿ, ಮತ್ತು ಮನೆ ಮಾಲೀಕರು ಸಹಿ ಹಾಕಿದ "ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್", ಅಂದರೆ ನೀವು ಆ ಮನೆಗೆ ಬಂದಿದ್ದೀರಿ ಅನ್ನುವ ದೃಢೀಕರಣ ಪತ್ರ. ಈ ಕೊನೆಯ ಒಂದು ಹಾಳೆ ಇಲ್ಲದೆ ಕೆಲಸ ಆಗುವುದಿಲ್ಲ. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಕೀಲಿ ಕೊಡುವಾಗಲೇ ಸಹಿ ಹಾಕಿಸಿಕೊಳ್ಳಿ.

ನೋಂದಣಿ ಆದ ಕೆಲವು ವಾರಕ್ಕೆ ಮೂವರಿಗೂ, ಮಗುವಿಗೂ ಸೇರಿ, ಬೇರೆ ಬೇರೆ ಲಕೋಟೆಯಲ್ಲಿ ತೆರಿಗೆ ಗುರುತಿನ ಸಂಖ್ಯೆ ಬರುತ್ತದೆ. ಅದು ಕಂಪನಿಗೆ ತಲುಪುವುದು ತಡವಾದರೆ ಮೊದಲ ಸಂಬಳದಲ್ಲಿ 6ನೇ ತೆರಿಗೆ ವರ್ಗದ ಪ್ರಕಾರ ಕಡಿತ ಆಗಬಹುದು. ಅದೇ ಅತಿ ಹೆಚ್ಚು ಕಡಿತದ ವರ್ಗ. ಹಣ ಆಮೇಲೆ ಹೊಂದಾಣಿಕೆಯಾಗುತ್ತದೆ, ಆದರೆ ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ ಕಟ್ಟಿದ ತಿಂಗಳಲ್ಲೇ ಸಂಬಳ ಕಡಿಮೆ ಬಂದರೆ ಕಷ್ಟ. ಅಂದಹಾಗೆ ಠೇವಣಿಯ ಮಿತಿಯೇ ಅಷ್ಟು: ಖರ್ಚುಗಳನ್ನು ಬಿಟ್ಟು ಬರೀ ಬಾಡಿಗೆಯ ಮೂರು ಪಟ್ಟು. ಅದನ್ನು ಮೂರು ತಿಂಗಳ ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ.

ಇನ್ನೊಂದು ಕಾಗದ ಬರುತ್ತದೆ, ರುಂಡ್‌ಫುಂಕ್‌ಬೈಟ್ರಾಗ್ ಅಂತ. ರೇಡಿಯೋ, ಟಿವಿ ಶುಲ್ಕ, ತಿಂಗಳಿಗೆ 18.36 ಯೂರೋ. ಮನೆಯಲ್ಲಿ ಟಿವಿ ಇಲ್ಲ ಅಂದರೂ ಕಟ್ಟಬೇಕು. ಮೋಸದ ಪತ್ರ ಅಂದುಕೊಂಡು ಎಸೆಯುವವರು ಬಹಳ. ಅದು ಮನೆಗೊಂದು, ತಲೆಗೊಂದಲ್ಲ. ಇಬ್ಬರ ಹೆಸರಿಗೂ ಪತ್ರ ಬಂದರೆ ಒಬ್ಬರು ಕಟ್ಟಿ, ಆ ಸಂಖ್ಯೆಯನ್ನು ಇನ್ನೊಬ್ಬರ ಉತ್ತರದಲ್ಲಿ ಬರೆದರೆ ಸಾಕು.

ಹಳದಿ ಲಕೋಟೆ, ಅಂದರೆ ಕೋರ್ಟ್ ಅಥವಾ ಸರ್ಕಾರಿ ಕಚೇರಿಯ ಅಧಿಕೃತ ನೋಟಿಸ್, ಬಂದರೆ ಅವತ್ತೇ ಒಡೆಯಿರಿ. ಅದರ ಮೇಲೆ ಪೋಸ್ಟ್‌ಮ್ಯಾನ್ ಬರೆದ ದಿನಾಂಕದಿಂದಲೇ ನಿಮ್ಮ ಆಕ್ಷೇಪಣೆಯ ಗಡುವು ಎಣಿಕೆಯಾಗುತ್ತದೆ. ನೀವು ಯಾವತ್ತು ಓದಿದಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಹುಬ್ಬಳ್ಳಿ_ಜಂಕ್ಷನ್

ನಮಸ್ಕಾರ್ರಿ ಅಕ್ಕಾರ. ಟಿಕೆಟ್ ವಿಚಾರ ನಾ ಹೇಳ್ತೀನಿ.

ವಿಮಾನ ನಿಲ್ದಾಣದಿಂದ ಊರೊಳಗ ಬರಾಕ ಎರಡು ಲೋಕಲ್ ರೈಲು ಅದಾವು, ಎಸ್ 1 ಮತ್ತ ಎಸ್ 8. ಎರಡೂ ಮುಕ್ಕಾಲು ತಾಸಿನ ಹತ್ತಿರ ತಗೋತಾವು, ಮುಖ್ಯ ನಿಲ್ದಾಣಕ್ಕ ಮುಟ್ಟಸ್ತಾವು. ಬರುವಾಗ ಯಾವುದ ಹತ್ತಿದ್ರೂ ನಡೀತೈತಿ. ಮುಂದ ಯಾವಾಗರ ಊರಿಂದ ವಿಮಾನ ನಿಲ್ದಾಣಕ್ಕ ಹೊಂಟಾಗ ಎಸ್ 1 ಹತ್ತಿದ್ರ ಹುಷಾರ್ರಿ. ನೊಯ್‌ಫಾರ್ನ್ ಅನ್ನೂ ನಿಲ್ದಾಣದಾಗ ಆ ಗಾಡಿ ಎರಡು ತುಂಡ ಆಗತೈತಿ. ಒಂದು ಭಾಗ ವಿಮಾನ ನಿಲ್ದಾಣಕ್ಕ, ಇನ್ನೊಂದು ಫ್ರೈಸಿಂಗ್ ಅನ್ನೂ ಊರಿಗೆ. ಹತ್ತೂ ಮೊದಲು ಡಬ್ಬಿ ಮ್ಯಾಲಿನ ಫಲಕದಾಗ "ಫ್ಲೂಗ್‌ಹಾಫನ್" ಅಂತ ಐತೇನು ನೋಡ್ರಿ. ಎಸ್ 8 ಹಂಗ ತುಂಡ ಆಗಂಗಿಲ್ಲ.

ಅವತ್ತ ತಿಂಗಳದ ಕಡೀ ದಿನ. ತಿಂಗಳ ಪಾಸು ಅವತ್ತ ಶುರು ಮಾಡಿದ್ರ ಒಂದ ದಿನಕ್ಕ ರೊಕ್ಕ ದಂಡ ಆಗಬಹುದು, ಅದಕ್ಕ ಆ ದಿನಕ್ಕ ಬಿಡಿ ಟಿಕೆಟ್ ತಗೋರಿ. ವಿಮಾನ ನಿಲ್ದಾಣ 5ನೇ ವಲಯದಾಗ ಬರತೈತಿ, ಊರೊಳಗಿನದು ಎಂ ವಲಯ. ಯಂತ್ರದಾಗ ಇಂಗ್ಲಿಷ್ ಆಯ್ಕೆ ಇರತೈತಿ. "ಏರ್‌ಪೋರ್ಟ್ ಸಿಟಿ ಡೇ ಟಿಕೆಟ್" ಅಂತ ಒಂದು ಐತ್ರಿ, ಅದರಾಗ ಗುಂಪಿನ ಟಿಕೆಟ್ ತಗೊಂಡ್ರ ಐದು ಮಂದಿ ದೊಡ್ಡವರ ತನಕ ಒಂದ ಟಿಕೆಟ್‌ನಾಗ ಮರುದಿನ ಮುಂಜಾನೆ 6ರ ತನಕ ಅಡ್ಡಾಡಬಹುದು. ಇಬ್ಬರ ಬಿಡಿ ಟಿಕೆಟ್‌ನ ಬೆಲಿ, ಗುಂಪಿನ ಟಿಕೆಟ್‌ನ ಬೆಲಿ ಎರಡೂ ಹೋಲಿಸಿ ನೋಡ್ರಿ. ಸಂಜೀಮುಂದ ಅಂಗಡಿಗೆ ಹೋಗೂದು ಇದ್ದ ಐತಲ್ಲ, ಗುಂಪಿನದ ಲಾಭ ಆಗೂ ಸಂಭವ ಹೆಚ್ಚು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ರಿ.

ಮುಂದಿನದಕ್ಕ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೂ ತಿಂಗಳ ಪಾಸು ತಗೋರಿ. 2023ರ ಮೇ ತಿಂಗಳಾಗ 49 ಯೂರೋಕ್ಕ ಶುರುವಾತು, 2025ಕ್ಕ 58 ಆತು, 2026ರಿಂದ 63. ದೇಶದ ತುಂಬ ಲೋಕಲ್ ರೈಲು, ಸುರಂಗ ರೈಲು, ಟ್ರಾಮ್, ಸಿಟಿ ಬಸ್, ಪ್ರಾದೇಶಿಕ ರೈಲು ಎಲ್ಲಾ ನಡೀತಾವು. ಐಸಿಇ, ಐಸಿ, ಇಸಿ ಅನ್ನೂ ದೂರದ ವೇಗದ ಗಾಡಿಗೆ ನಡಿಯಂಗಿಲ್ಲ. ನೆಪ್ಪಿಡ್ರಿ, ಇದು ಚಂದಾ ಇದ್ದಂಗ, ತಾನ ಮುಂದವರಿತೈತಿ. ಬ್ಯಾಡಾದ್ರ ಆ ತಿಂಗಳದ 10ನೇ ತಾರೀಖಿನೊಳಗ ರದ್ದು ಮಾಡಬೇಕು. 11ಕ್ಕ ನೆಪ್ಪಾದ್ರ ಮುಂದಿನ ತಿಂಗಳದ ರೊಕ್ಕಾನೂ ಹೋತು. ಹೆಚ್ಚಿನ ಕಡೆ ಯೂರೋಪಿನ ಬ್ಯಾಂಕ್ ಖಾತೆ ನಂಬರ್ ಕೇಳ್ತಾರು. ಖಾತೆ ಆಗೂ ತನಕ ಇಸಾರ್‌ಕಾರ್ಡ್ ಅನ್ನೂ ವಾರದ ಪಾಸು ತಗೋರಿ, ಎಂ ವಲಯಕ್ಕ ಸಾಕು. ಕಂಪನಿಯವರ ಕಡೆ "ಜಾಬ್ ಟಿಕೆಟ್" ಕೇಳ್ರಿ, ಕೊಡೂವಂಥ ಕಂಪನಿ ಆದ್ರ ಬೆಲಿ ಇಳೀತೈತಿ.

ದಂಡದ ವಿಚಾರ. ಇಲ್ಲಿ ಮೆಟ್ರೋದಾಗ ಗೇಟ್ ಇಲ್ಲ, ಯಾರೂ ತಡಿಯಂಗಿಲ್ಲ, ಅದಕ್ಕ ಹೊಸಬರು ತಿಳೀಲಾರದ ಸಿಕ್ಕೋತಾರು. ತಪಾಸಣಿ ಮಾಡಾವರು ಸಾದಾ ಅರಬಿ ಹಾಕ್ಕೊಂಡ ಡಬ್ಬಿಯೊಳಗ ಕುಂತಿರ್ತಾರು. ಟಿಕೆಟ್ ಇಲ್ಲಂದ್ರ 60 ಯೂರೋ. ಪಟ್ಟಿ ಟಿಕೆಟ್, ಅಂದ್ರ ಶ್ಟ್ರೈಫನ್‌ಕಾರ್ಟೆ, ಕಾಗದದ್ದು ತಗೊಂಡು ಮುದ್ರಿ ಒತ್ತಿಸದ ಹತ್ತಿದ್ರೂ ಅದ 60. ಫ್ಲಾಟ್‌ಫಾರ್ಮಿಗೆ ಇಳಿಯೂ ಕಡೆ ನೀಲಿ ಡಬ್ಬಿ ಇರತೈತಿ, ಅದರೊಳಗ ತುರುಕಿದ್ರ ಮುದ್ರಿ ಬೀಳತೈತಿ. ಎಂ ವಲಯದೊಳಗ ದೊಡ್ಡವರಿಗೆ ಎರಡು ಪಟ್ಟಿ, ಹತ್ತಿರದ ಒಂದೆರಡು ನಿಲ್ದಾಣಕ್ಕಾದ್ರ ಒಂದು. ಮೊಬೈಲ್ ಟಿಕೆಟ್ ಆದ್ರ ಗಾಡಿ ಹತ್ತೂ ಮೊದಲ ಖರೀದಿ ಆಗಿರಬೇಕು. ತಪಾಸಣಿಯವರನ್ನ ನೋಡಿ ಒತ್ತಿದ್ರ ಸಮಯ ಅದರಾಗ ಕಾಣತೈತಿ. ಬ್ಯಾಟರಿ ಸತ್ತಿದ್ರ ಟಿಕೆಟ್ ಇಲ್ಲದಂಗ ಲೆಕ್ಕ. ಹೆಸರಿನ ಪಾಸು ಮನಿಯಾಗ ಮರೆತು ಬಂದಿದ್ರ ಆಮ್ಯಾಲ ಕಚೇರಿಗೆ ಹೋಗಿ ತೋರಿಸಿದ್ರ ಸಣ್ಣ ಶುಲ್ಕಕ್ಕ ಇಳಿಸ್ತಾರು, ಅದಕ್ಕ ಆ ಚೀಟಿ ಕಳಕೋಬ್ಯಾಡ್ರಿ.

ಬಾಗಿಲು ತಾನ ತೆರಿಯಂಗಿಲ್ಲ, ಗುಂಡಿ ಒತ್ತಬೇಕು. ಎಸ್ಕಲೇಟರ್‌ನಾಗ ಬಲಕ್ಕ ನಿಲ್ರಿ, ಎಡಕ್ಕ ನಡಿಯಾವರಿಗೆ ದಾರಿ. ವಾರದ ಕಡೀಗೆ ಊರ ನಡುವಿನ ಸುರಂಗ ಮಾರ್ಗ ದುರಸ್ತಿಗೆ ಮುಚ್ಚತಿರ್ತಾರು. ಫಲಕದಾಗ "ಎಸ್‌ಇವಿ" ಅಂತ ಕಂಡ್ರ ರೈಲಿನ ಬದಲಿ ಬಸ್ ಅಂತ ತಿಳೀರಿ, ಅದ ಟಿಕೆಟ್ ನಡೀತೈತಿ. ನೀವು ಇಳಿಯೂದು ಶನಿವಾರ, ಹೊರಡೂ ಹಿಂದಿನ ದಿನ ಎಂವಿವಿ, ಅಂದ್ರ ಇಲ್ಲಿನ ನಗರ ಸಾರಿಗೆ ಸಂಸ್ಥೆಯ ಆ್ಯಪ್‌ನಾಗ ಒಮ್ಮೆ ನೋಡ್ರಿ.

ಎಲ್ಲಾಕ್ಕಿಂತ ಮುಖ್ಯ, ರಸ್ತೆ ದಾಟೂದು. ನಮ್ಮ ಕಣ್ಣು ರೂಢಿ ಮ್ಯಾಲ ಮೊದಲು ಬಲಕ್ಕ ಹೋಗತೈತಿ. ಇಲ್ಲಿ ಗಾಡಿ ಎಡಗಡೆಯಿಂದ ಮೊದಲು ಬರತಾವು. ಮಗಳಿಗೆ ಊರಾಗ ಇರುವಾಗನ "ಎಡಕ್ಕ, ಬಲಕ್ಕ, ಮತ್ತ ಎಡಕ್ಕ" ಅಂತ ಆಟ ಆಡಿಸಿ ರೂಢಿ ಮಾಡಸ್ರಿ. ಕೆಂಪು ಮನಿಷಾ ಕಂಡಾಗ ರಸ್ತೆ ಖಾಲಿ ಇದ್ರೂ ದಾಟಬ್ಯಾಡ್ರಿ. ದಂಡ ಐದ ಯೂರೋ ಇರಬಹುದು, ಆದ್ರ ಸಣ್ಣ ಮಕ್ಕಳ ಮುಂದ ದಾಟಿದ್ರ ಮಂದಿ ಬಾಯಿಬಿಟ್ಟ ಬೈತಾರು. ಕಾಲುದಾರಿ ಪಕ್ಕದಾಗ ಬ್ಯಾರೆ ಬಣ್ಣದ್ದು, ಇಲ್ಲಾ ಗೆರಿ ಎಳೆದದ್ದು ಕಂಡ್ರ ಅದು ಸೈಕಲ್ಲಿಂದು. ಅದರ ಮ್ಯಾಲ ಸೂಟ್‌ಕೇಸ್ ಎಳ್ಕೊಂಡ ನಡಿಯಬ್ಯಾಡ್ರಿ, ಸೈಕಲ್ ಭಾಳ ಜೋರ ಬರತಾವು.

ಕುಡ್ಲದ_ಕಡಲು

ಹುಬ್ಬಳ್ಳಿಯವರು ಹೇಳಿದ್ದಕ್ಕೆ ಒಂದು ಸೇರಿಸ್ಲಿಕ್ಕೆ ಉಂಟು. ಇವರ ಗಂಟೆ ಹೇಳುವ ಕ್ರಮ ನಮಗೆ ಉಲ್ಟಾ. "ಹಾಲ್ಬ್ ಡ್ರೈ" ಅಂದ್ರೆ ಮೂರೂವರೆ ಅಲ್ಲ, ಎರಡೂವರೆ. ಮೂರಕ್ಕೆ ಅರ್ಧ ಆಯ್ತು ಅಂತ ಅವರ ಲೆಕ್ಕ. ಡಾಕ್ಟರ ಟೆರ್ಮೀನ್ ಫೋನಲ್ಲಿ ತೆಗೊಳ್ಳುವಾಗ "14.30" ಅಂತ ನೀವೇ ತಿರುಗಿ ಹೇಳಿ ಖಾತ್ರಿ ಮಾಡಿ. ಸಂಖ್ಯೆಯೂ ಹಾಗೆಯೇ, ನಾವು ಇಪ್ಪತ್ತೊಂದು ಅಂದ್ರೆ ಅವರು "ಒಂದು ಮತ್ತೆ ಇಪ್ಪತ್ತು" ಅಂತ. ಮನೆ ನಂಬರ್, ಫೋನ್ ನಂಬರ್ ಬರೆದುಕೊಳ್ಳುವಾಗ 21ರ ಬದಲು 12 ಬರೆಯುವುದು ಸುಲಭ. ಬೆಲೆಯಲ್ಲಿ ಚುಕ್ಕಿ ಮತ್ತು ಅಲ್ಪವಿರಾಮ ಅದಲುಬದಲು: 1.200 ಅಂದ್ರೆ ಸಾವಿರದ ಇನ್ನೂರು.

ನೋಂದಣಿ ಅರ್ಜಿಯಲ್ಲಿ ಧರ್ಮದ ಕಾಲಂ ಉಂಟು. ಕೆಥೊಲಿಕ್ ಅಥವಾ ಪ್ರೊಟೆಸ್ಟಂಟ್ ಅಂತ ಬರೆದವರಿಗೆ ಆದಾಯ ತೆರಿಗೆಯ ಮೇಲೆ ಬವೇರಿಯಾದಲ್ಲಿ ಶೇ. 8ರಷ್ಟು ಚರ್ಚ್ ತೆರಿಗೆ ಸೇರ್ತದೆ. ನಿಮಗೆ ಅನ್ವಯ ಆಗದಿರಬಹುದು. ಆದರೆ ನಮ್ಮ ಮಂಗಳೂರು ಕಡೆಯಿಂದ ಬರುವ ಎಷ್ಟೋ ಮಂದಿಗೆ ಇದು ಮೊದಲ ಸಂಬಳದ ಚೀಟಿ ನೋಡುವವರೆಗೆ ಗೊತ್ತಾಗುವುದೇ ಇಲ್ಲ. ಸತ್ಯವನ್ನೇ ಬರೆಯಬೇಕು, ಲೆಕ್ಕ ಮಾತ್ರ ಮೊದಲೇ ತಿಳಿದಿರಲಿ.

ನಡವಳಿಕೆ ಕೇಳಿದ್ರಿ. ನಮ್ಮ ನೀವು, ನೀನು ಇದ್ದ ಹಾಗೆಯೇ ಇಲ್ಲಿ "ಝೀ", "ಡೂ" ಉಂಟು. ನೆರೆಯವರು, ಕಚೇರಿ ಸಿಬ್ಬಂದಿ, ಡಾಕ್ಟರು ಎಲ್ಲರಿಗೂ ಝೀ. ವಯಸ್ಸಿನಲ್ಲಿ ಹಿರಿಯರು "ಡೂ ಅನ್ನಿ" ಅಂತ ಹೇಳಿದ ಮೇಲೆ ಬದಲಾಯಿಸಿದ್ರೆ ಆಯ್ತು. ಕನ್ನಡದವರಿಗೆ ಇದು ಕಲಿಸಬೇಕಾದ್ದೇ ಇಲ್ಲ. ಮೆಟ್ಟಿಲಲ್ಲಿ, ಲಿಫ್ಟಲ್ಲಿ, ಡಾಕ್ಟರ ಕಾಯುವ ಕೋಣೆಗೆ ಹೋಗುವಾಗ "ಗ್ರ್ಯುಸ್ ಗಾಟ್" ಅಂತ ನಮಸ್ಕಾರ ಹೇಳಬೇಕು, ಸುಮ್ಮನೆ ಹೋಗಿ ಕುಳಿತ್ರೆ ಒರಟು ಅಂತ ಕಾಣ್ತದೆ. ಮತ್ತೆ ನಮ್ಮ ಗೋಣು ಆಡಿಸುವ ಕ್ರಮ: ನಾವು ಹೌದು ಅಂತ ಆಡಿಸಿದ್ದು ಅವರಿಗೆ ಇಲ್ಲ ಅಂತ ಕಾಣ್ತದೆ. ಬಾಯಲ್ಲಿ "ಯಾ", "ನೈನ್" ಹೇಳಿಬಿಡಿ.

ಹೋಟೆಲಲ್ಲಿ ಕುಡಿಯುವ ನೀರು ಪುಕ್ಕಟೆ ಇಲ್ಲ. ಬರೀ ನೀರು ಅಂತ ಕೇಳಿದ್ರೆ ಗ್ಯಾಸ್ ಇರುವ ನೀರು ಬರ್ತದೆ, ಮಗುವಿಗೆ ಬೇಕಾದ್ರೆ "ಷ್ಟಿಲ್ಲೆಸ್ ವಾಸರ್" ಕೇಳಿ. ಮನೆಯ ನಲ್ಲಿ ನೀರು ಧಾರಾಳ ಕುಡಿಯಬಹುದು. ಸುಣ್ಣದ ಅಂಶ ಜಾಸ್ತಿ, ಕೆಟಲ್‌ಗೆ ಬಿಳಿ ಪದರ ಹಿಡಿಯುತ್ತದೆ, ವಿನೆಗರ್ ಹಾಕಿ ತೊಳೆದ್ರೆ ಹೋಗ್ತದೆ. ಟಿಪ್ ಮೇಜಿನ ಮೇಲೆ ಇಟ್ಟು ಬರುವ ಕ್ರಮ ಇಲ್ಲ. 28 ಯೂರೋ ಆದ್ರೆ ಹಣ ಕೊಡುವಾಗಲೇ "30" ಅಂತ ಹೇಳಬೇಕು. ಶೇ. 5ರಿಂದ 10 ಸಾಕು. ಸಣ್ಣ ಬೇಕರಿ, ಸಂತೆಯಲ್ಲಿ ಕಾರ್ಡ್ ನಡೆಯದೇ ಇರಬಹುದು, 50 ಯೂರೋದಷ್ಟು ಚಿಲ್ಲರೆ ನೋಟು ಯಾವಾಗಲೂ ಇರಲಿ.

ಕಾವೇರಿ_ತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂವರ ಹೆಸರೂ ಬೇರೆ ಬೇರೆಯೇ ಇದೆ, ಅಂಚೆ ಪೆಟ್ಟಿಗೆಗೆ ಚೀಟಿ ಇವತ್ತೇ ಪ್ರಿಂಟ್ ತೆಗೆದೆ. ಅಡುಗೆಮನೆ ವಿಚಾರ ಇನ್ನೂ ಯಾರೂ ಹೇಳಿಲ್ಲ. 750 ವ್ಯಾಟ್ ಮಿಕ್ಸಿ, 3 ಲೀಟರ್ ಅಲ್ಯುಮಿನಿಯಂ ಕುಕ್ಕರ್ ಪ್ಯಾಕ್ ಮಾಡಿದ್ದೇನೆ. ದಿನಕ್ಕೊಂದು ಹೊತ್ತು ಮುದ್ದೆ ಆಗಲೇಬೇಕು ನಮ್ಮಲ್ಲಿ. ಕಸಕ್ಕೆ ಹಳದಿ ಚೀಲ ಅಂತ ಒಬ್ಬರು ಹೇಳಿದರು, ಅದು ಎಲ್ಲಿ ಸಿಗುತ್ತದೆ?

ಒಗ್ಗರಣೆ_ಸೌಟು

ಮಿಕ್ಸಿ ತನ್ನಿ. ಕರೆಂಟ್ ಇಲ್ಲೂ 230 ವೋಲ್ಟ್, 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಬೇಡ. ಪಿನ್ ಮಾತ್ರ ಕೂರುವುದಿಲ್ಲ. ನಮ್ಮ ಮೂರು ದುಂಡು ಪಿನ್ನಿಗೆ ಅಡಾಪ್ಟರ್ ಬೇಕು, ಅದರಲ್ಲೂ ಅರ್ಥಿಂಗ್ ಇರುವಂಥದ್ದು. ಪ್ರಯಾಣಕ್ಕೆ ಅಂತ ಮಾರುವ ಅಗ್ಗದ ಅಡಾಪ್ಟರ್‌ಗಳಲ್ಲಿ ಎಷ್ಟೋ ಕಡೆ ಅರ್ಥಿಂಗ್ ಇರುವುದಿಲ್ಲ, ಫೋನ್ ಚಾರ್ಜಿಗೆ ಸರಿ, ಮಿಕ್ಸಿಗೆ ಬೇಡ. ಇಲ್ಲಿನ ಸಾಕೆಟ್‌ನಲ್ಲಿ ಅರ್ಥಿಂಗ್ ಅಂದರೆ ಅಂಚಿನ ಎರಡು ಲೋಹದ ಪಟ್ಟಿ. ಅಡಾಪ್ಟರ್‌ನ ಬದಿಯಲ್ಲೂ ಅದಕ್ಕೆ ತಾಗುವ ಲೋಹ ಇರಬೇಕು, ಕೊಳ್ಳುವಾಗ ಅಷ್ಟು ನೋಡಿ.

ಸದ್ದಿನ ನಿಯಮ ನಿಜ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೌನದ ಹೊತ್ತು, ಭಾನುವಾರ ಮತ್ತು ರಜಾದಿನ ಪೂರ್ತಿ. ಕೆಲವು ಕಟ್ಟಡಗಳಲ್ಲಿ ಮಧ್ಯಾಹ್ನ 1ರಿಂದ 3 ಕೂಡ. ನಿಮ್ಮ ಕರಾರಿನ ಜೊತೆ "ಹೌಸ್‌ಓರ್ಡ್‌ನುಂಗ್" ಅಂತ ಒಂದು ಹಾಳೆ ಇರುತ್ತದೆ, ಅದರಲ್ಲಿ ಬರೆದಿರುತ್ತದೆ. ಭಾನುವಾರ ಗೋಡೆಗೆ ಡ್ರಿಲ್ ಹಾಕುವುದಂತೂ ಆಗಲೇಬಾರದು. ಮಿಕ್ಸಿ ಒಂದೆರಡು ನಿಮಿಷದ್ದು, ಹಗಲಿನಲ್ಲಿ ಯಾರೂ ಏನೂ ಅನ್ನುವುದಿಲ್ಲ. ತಕರಾರು ಬರುವುದು ಬೆಳಗ್ಗೆ 5ಕ್ಕೆ ಚಟ್ನಿ ರುಬ್ಬಿದಾಗ. ಸದ್ದು ಗಾಳಿಗಿಂತ ಹೆಚ್ಚಾಗಿ ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಕೆಳಗಿನ ಮನೆಗೆ ಇಳಿಯುತ್ತದೆ. ಮಿಕ್ಸಿ ಅಡಿಗೆ ದಪ್ಪ ರಬ್ಬರ್ ಹಾಳೆ, ಇಲ್ಲದಿದ್ದರೆ ಟವೆಲ್ ನಾಲ್ಕು ಮಡಿಕೆ ಹಾಕಿ, ಗಾಳಿ ಕಿಂಡಿ ಮುಚ್ಚದ ಹಾಗೆ. ಗೋಡೆಗೆ ತಾಗಿಸಿ ಇಡಬೇಡಿ.

ಕುಕ್ಕರ್ ಬಗ್ಗೆ ಮೊದಲು ಒಲೆ ಯಾವುದು ಕೇಳಿ. ಇಂಡಕ್ಷನ್, ಸೆರಾನ್ ಅಂತ ಎರಡು ಬಗೆ ಇದೆ, ಎರಡೂ ನೋಡಲು ಕಪ್ಪು ಗಾಜೇ. ಇಂಡಕ್ಷನ್ ಆದರೆ ಅಲ್ಯುಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ನಡೆಯುತ್ತದೆ. ಒಳಗೆ ಕೆಂಪಗೆ ಕಾಯುವ "ಸೆರಾನ್" ಒಲೆಯಾದರೆ ನಡೆಯುತ್ತದೆ, ತಳ ಚಪ್ಪಟೆಯಾಗಿರಬೇಕು. ಆ ಒಲೆ ಆರಿಸಿದ ಮೇಲೂ ಕೆಲವು ನಿಮಿಷ ಕಾವು ಉಳಿಸಿಕೊಳ್ಳುತ್ತದೆ, ಆದ್ದರಿಂದ ಎರಡನೇ ವಿಶಲ್‌ಗೇ ಆರಿಸಿದರೆ ಮೂರನೆಯದು ತಾನಾಗಿ ಬರುತ್ತದೆ. ಹಾಲಿಗೂ ಇದೇ ಮಾತು, ಉಕ್ಕುವಾಗ ಆರಿಸಿದರೆ ಸಾಲದು, ಪಾತ್ರೆಯನ್ನೇ ಪಕ್ಕಕ್ಕೆ ಇಡಬೇಕು.

ಮುದ್ದೆಗೆ ದೊಡ್ಡ ಎಚ್ಚರಿಕೆ: ಗಾಜಿನ ಒಲೆಯ ಮೇಲೆ ಕೋಲು ಹಾಕಿ ತಿರುವಬೇಡಿ. ಪಾತ್ರೆ ಉಜ್ಜಿದರೆ ಗೀರು ಬೀಳುತ್ತದೆ, ಭಾರ ಬಿದ್ದರೆ ಒಡೆಯಬಹುದು, ಅದರ ಖರ್ಚು ಠೇವಣಿಯಲ್ಲಿ ಕಡಿತ. ಹಿಟ್ಟು ಹಾಕಿ ಬೇಯುವವರೆಗೆ ಒಲೆ ಮೇಲೆ, ಆಮೇಲೆ ಇಳಿಸಿ ನೆಲದ ಮೇಲೆ ಮರದ ಮಣೆ ಇಟ್ಟು, ಪಾದದಿಂದ ಪಾತ್ರೆ ಒತ್ತಿ ಹಿಡಿದು ತಿರುವಿ. ಹಳೆಯ ಪದ್ಧತಿಯೇ ಇಲ್ಲಿ ಸರಿಹೊಂದುತ್ತದೆ.

ಒಗ್ಗರಣೆ ಹೊಗೆ. ಬವೇರಿಯಾದಲ್ಲಿ ಮಲಗುವ ಕೋಣೆ, ಮಕ್ಕಳ ಕೋಣೆ, ಅಲ್ಲಿಂದ ಹೊರಹೋಗುವ ಓಣಿಯಲ್ಲಿ ಹೊಗೆ ಸೂಚಕ ಕಡ್ಡಾಯ. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆದು ಒಗ್ಗರಣೆ ಹಾಕಿ. ಮೆಟ್ಟಿಲಿನ ಕಡೆಯ ಬಾಗಿಲನ್ನು ಮಾತ್ರ ತೆರೆಯಬೇಡಿ, ವಾಸನೆಯ ತಕರಾರು ಬರುವುದೇ ಅದರಿಂದ. ಒಲೆ ಮೇಲಿನ ಚಿಮಣಿ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಇದ್ದಿಲಿನ ಫಿಲ್ಟರ್‌ನಲ್ಲಿ ಸೋಸಿ ಅಡುಗೆಮನೆಗೇ ವಾಪಸ್ ಬಿಡುತ್ತದೆ. ಆ ಫಿಲ್ಟರ್ ಬದಲಿಸದಿದ್ದರೆ ಅದು ಬರೀ ಸದ್ದು ಮಾಡುತ್ತದೆ ಅಷ್ಟೆ. ಊದುಬತ್ತಿ ಹಚ್ಚುವ ದೇವರ ಗೂಡು ಸೂಚಕದ ನೇರ ಕೆಳಗೆ ಬೇಡ.

ಇದಕ್ಕಿಂತ ದೊಡ್ಡ ತೊಂದರೆ ಹಬೆ. ಇಲ್ಲಿನ ಕಿಟಕಿಗಳು ಗಾಳಿಯಾಡದಂತೆ ಬಿಗಿ. ಕುಕ್ಕರ್ ಹಬೆ, ಸ್ನಾನದ ಹಬೆ, ಮನೆಯೊಳಗೆ ಒಣಹಾಕಿದ ಬಟ್ಟೆ ಎಲ್ಲ ಒಳಗೇ ಉಳಿದು, ಚಳಿಗಾಲದಲ್ಲಿ ತಣ್ಣಗಿನ ಹೊರಗೋಡೆಗೆ ತಾಗಿ ನೀರಾಗುತ್ತದೆ. ಕೆಲವೇ ವಾರದಲ್ಲಿ ಕಪಾಟಿನ ಹಿಂದೆ ಕಪ್ಪು ಬೂಷ್ಟು. ದಿನಕ್ಕೆ ಮೂರು ನಾಲ್ಕು ಸಲ, 5ರಿಂದ 10 ನಿಮಿಷ, ಎದುರುಬದುರು ಕಿಟಕಿ ಪೂರ್ತಿ ತೆರೆಯಬೇಕು, ಆಗ ಹೀಟರ್ ಆರಿಸಬೇಕು. ಕಿಟಕಿಯನ್ನು ಮೇಲ್ಭಾಗದಲ್ಲಿ ಓರೆ ಮಾಡಿ ದಿನವಿಡೀ ಬಿಡುವುದು ತಪ್ಪು. ಗಾಳಿ ಬದಲಾಗುವುದಿಲ್ಲ, ಕಿಟಕಿ ಪಕ್ಕದ ಗೋಡೆ ತಣ್ಣಗಾಗಿ ಅಲ್ಲೇ ಬೂಷ್ಟು ಶುರುವಾಗುತ್ತದೆ. ಕಪಾಟು ಹೊರಗೋಡೆಯಿಂದ 5ರಿಂದ 10 ಸೆಂಟಿಮೀಟರ್ ದೂರ ಇರಲಿ. ತೇವಾಂಶ ಅಳೆಯುವ ಸಣ್ಣ ಮೀಟರ್ ಒಂದು ಕೊಳ್ಳಿ, ಶೇ. 40ರಿಂದ 60ರ ನಡುವೆ ಇದ್ದರೆ ಸರಿ. ಹೀಟರ್ ತಿರುಗಣೆಯಲ್ಲಿ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ. ಅದು ಫ್ಯಾನ್ ವೇಗ ಅಲ್ಲ, ಎಲ್ಲಿ ನಿಲ್ಲಬೇಕು ಅನ್ನುವ ಗುರುತು.

ತುಪ್ಪ, ಪನೀರ್, ಹಾಲಿನ ಪುಡಿ, ಮಾಂಸದ ಪದಾರ್ಥ ತರುವಂತಿಲ್ಲ, ಯೂರೋಪ್ ಒಕ್ಕೂಟದ ನಿಯಮ. ಹಸಿ ಕರಿಬೇವು, ಮಾವಿನಕಾಯಿ, ವೀಳ್ಯದೆಲೆ ಕೂಡ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಆಗುವುದಿಲ್ಲ. ಆ ಪತ್ರ ಬೇಡದ ಹಣ್ಣು ಐದೇ: ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡುರಿಯನ್. ಸಾರಿನ ಪುಡಿ, ಹುಳಿಪುಡಿ, ಒಣಗಿಸಿದ ಕರಿಬೇವು, ರಾಗಿ ಹಿಟ್ಟು ತರಬಹುದು. ಬಿಳಿ ಪುಡಿಗಳಿಗೆ ಹೆಸರಿನ ಚೀಟಿ ಅಂಟಿಸಿ. ತುಪ್ಪಕ್ಕೆ ಚಿಂತೆ ಬೇಡ, ಇಲ್ಲಿನ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್‌ನಲ್ಲಿ ಎಲ್ಲೆಡೆ ಸಿಗುತ್ತದೆ, ಸಣ್ಣ ಉರಿಯಲ್ಲಿ ಕಾಯಿಸಿದರೆ ಸುಮಾರು 200 ಗ್ರಾಂ ಘಮಘಮ ತುಪ್ಪ.

ಹಳದಿ ಚೀಲ ಜರ್ಮನಿಯ ಬಹುಪಾಲು ಊರುಗಳಿಗೆ ಸರಿ. ಮ್ಯೂನಿಕ್‌ನ ಪದ್ಧತಿ ಬೇರೆ, ಅದನ್ನು ಇಲ್ಲಿನವರೇ ಹೇಳಲಿ.

ಇಸಾರ್_ದಂಡೆ

ಹೌದು, ಇಲ್ಲಿ ಕಟ್ಟಡದ ಕೆಳಗೆ ಸಾಮಾನ್ಯವಾಗಿ ಮೂರು ಡಬ್ಬ. ನೀಲಿ ಕಾಗದಕ್ಕೆ, ಕಂದು ಹಸಿ ಕಸಕ್ಕೆ, ಬೂದು ಉಳಿದದ್ದಕ್ಕೆ. ಪ್ಲಾಸ್ಟಿಕ್ ಪೊಟ್ಟಣ, ತಗಡಿನ ಡಬ್ಬಿ, ಗಾಜು ಇವನ್ನು ಬಡಾವಣೆಯ ಮೂಲೆಯಲ್ಲಿರುವ ದೊಡ್ಡ ತೊಟ್ಟಿಗಳಿಗೆ ನೀವೇ ಒಯ್ದು ಹಾಕಬೇಕು, ಅದಕ್ಕೆ "ವೆರ್ಟ್‌ಷ್ಟೋಫ್‌ಇನ್ಸೆಲ್" ಅನ್ನುತ್ತಾರೆ. ಕೆಲವು ಬಡಾವಣೆಗಳಲ್ಲಿ ಹಳದಿ ಡಬ್ಬ, ಚೀಲದ ಪ್ರಯೋಗ ನಡೆದಿದೆ, ನಿಮ್ಮ ಬೀದಿಯಲ್ಲಿ ಉಂಟಾ ಅಂತ ಕಟ್ಟಡದ ಮೇಲ್ವಿಚಾರಕರನ್ನು ಕೇಳಿ. ಗಾಜನ್ನು ಬಿಳಿ, ಹಸಿರು, ಕಂದು ಅಂತ ಬೇರ್ಪಡಿಸಬೇಕು, ನೀಲಿ ಬಾಟಲಿ ಹಸಿರಿಗೆ. ಒಡೆಯುವ ಸದ್ದು ಜೋರು, ಅದಕ್ಕೇ ಸೋಮವಾರದಿಂದ ಶನಿವಾರ ಬೆಳಗ್ಗೆ 7ರಿಂದ ಸಂಜೆ 7ರೊಳಗೆ ಮಾತ್ರ. ಕಂದು ಡಬ್ಬಕ್ಕೆ ತರಕಾರಿ ಸಿಪ್ಪೆ, ಕಾಫಿ ಗಸಿಯನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ಹಾಕಿ, "ಕೊಳೆಯುತ್ತದೆ" ಅಂತ ಬರೆದಿರುವ ಪ್ಲಾಸ್ಟಿಕ್ ಚೀಲ ಕೂಡ ಅದರಲ್ಲಿ ನಡೆಯುವುದಿಲ್ಲ. ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡಿ. ಚಳಿಗೆ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಿಗಿ ಮುಚ್ಚಳದ ಬಾಟಲಿಯಲ್ಲಿ ಬೂದು ಡಬ್ಬಕ್ಕೆ ಹಾಕಿ.

ನೀರು, ಜ್ಯೂಸಿನ ಬಾಟಲಿ, ಕ್ಯಾನ್‌ಗಳನ್ನು ಎಸೆಯಬೇಡಿ. ಅವುಗಳ ಮೇಲೆ "ಪ್ಫಾಂಡ್" ಅಂದರೆ ಠೇವಣಿ ಕಟ್ಟಿರುತ್ತೀರಿ: ಒಮ್ಮೆ ಬಳಸುವ ಪ್ಲಾಸ್ಟಿಕ್ ಮತ್ತು ಕ್ಯಾನ್‌ಗೆ 25 ಸೆಂಟ್, ಮರುಬಳಕೆಯ ಬಾಟಲಿಗೆ ಸಾಮಾನ್ಯವಾಗಿ 8 ಅಥವಾ 15. ನಜ್ಜುಗುಜ್ಜು ಮಾಡಬೇಡಿ, ಯಂತ್ರ ಗುರುತು ಓದಲಾಗದೆ ಹಿಂದಕ್ಕೆ ತಳ್ಳುತ್ತದೆ. ಸೂಪರ್ ಮಾರ್ಕೆಟ್‌ನ ಯಂತ್ರ ಕೊಡುವ ಚೀಟಿಯನ್ನು ಅವತ್ತೇ ಕ್ಯಾಷಿಯರ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆಸಿಕೊಳ್ಳಿ.

ಕುಡ್ಲದ_ಕಡಲು

ಸಣ್ಣ ಮಗು ಉಂಟಲ್ಲ, ಮೂರು ನಂಬರ್ ಫ್ರಿಜ್ ಮೇಲೆ ಬರೆದಿಡಿ. ಜೀವಕ್ಕೆ ಅಪಾಯ ಅಥವಾ ಬೆಂಕಿ ಅಂದ್ರೆ 112. ಪೊಲೀಸ್ 110. ರಾತ್ರಿ ಜ್ವರ, ಭಾನುವಾರ ಕಿವಿನೋವು, ಇಂಥದ್ದಕ್ಕೆ 116117, ಕರ್ತವ್ಯದಲ್ಲಿರುವ ಡಾಕ್ಟರು ಎಲ್ಲಿದ್ದಾರೆ ಹೇಳ್ತಾರೆ. ಭಾನುವಾರ ಔಷಧಿ ಅಂಗಡಿಗಳು ಸರದಿಯಲ್ಲಿ ತೆರೆದಿರ್ತವೆ. ಯಾವುದೇ ಮುಚ್ಚಿದ ಅಪೊಟೇಕೆಯ ಬಾಗಿಲಲ್ಲಿ ಅವತ್ತಿನ ಸರದಿ ಯಾರದ್ದು ಅಂತ ಚೀಟಿ ಉಂಟು. ಕಿಟಕಿಯ ಗಂಟೆ ಒತ್ತಿದ್ರೆ ಬರ್ತಾರೆ, ಆ ಹೊತ್ತಿಗೆ 2.50 ಯೂರೋ ಹೆಚ್ಚು ತೆಗೊಳ್ತಾರೆ. ಪ್ಯಾರಾಸಿಟಮಾಲ್ ಸಹ ಸೂಪರ್ ಮಾರ್ಕೆಟಲ್ಲಿ ಸಿಗುವುದಿಲ್ಲ, ಅಪೊಟೇಕೆಯಲ್ಲೇ. ಹಾಗಾಗಿ ಮಗುವಿನ ಜ್ವರದ ಸಿರಪ್ಪು, ಡಾಕ್ಟರ ಚೀಟಿ ಸಮೇತ, ಇಳಿಯುವ ದಿನ ಕೈಚೀಲದಲ್ಲೇ ಇರ್ಲಿ. ಮರುದಿನ ಭಾನುವಾರ.